ಕಟ್ಟರ್ ಕೆಳಗಿಡು, ಡ್ರಾಯಿಂಗ್ ಹರಡು

ಮಗಾ,

ಷಿಕಾಗೊದಲ್ಲಿ ನೀನು ಕೊಂಡ ಮನೆಯ ನೆಲಮಾಳಿಗೆಯಲ್ಲಿ ಹಿಂದಿನವರು ಬಿಟ್ಟುಹೋದ ಪಿನ್‌ಬಾಲ್ ಯಂತ್ರವನ್ನು ವಿಡಿಯೊದಲ್ಲಿ ತೋರಿಸಿದೆಯಲ್ಲ, ಅವತ್ತಿನಿಂದ ನನ್ನ ತಲೆಯಲ್ಲಿ ಅದೇ ಓಡುತ್ತಿದೆ. "ಒಳಗಿರೋದನ್ನೆಲ್ಲ ಕಿತ್ತು ಬಿಸಾಕಿ ಅಂಗೈಯಗಲದ ಒಂದು ಬೋರ್ಡು ಕೂರಿಸಿಬಿಡ್ತೀನಿ ತಾತ" ಅಂದೆ. ನಿನ್ನ ಕೈಲಿ ಅದು ಆಗುತ್ತೆ, ನನಗೆ ಅನುಮಾನವಿಲ್ಲ. ಯಂತ್ರ ನಿನ್ನದು, ಬೇಡ ಅನ್ನುವ ಹಕ್ಕೂ ನನಗಿಲ್ಲ. ಆದರೆ ಕಟ್ಟರ್ ಹಿಡಿಯುವ ಮುಂಚೆ ಒಂದು ಕೆಲಸ ಮಾಡು. ಆ ಯಂತ್ರ ಹೇಗೆ ಯೋಚನೆ ಮಾಡುತ್ತೆ ಅನ್ನೋದನ್ನ ಪೂರ್ತಿ ಓದು. ಓದಿ ಮುಗಿಸಿದ ಮೇಲೂ ಕೀಳಬೇಕು ಅನ್ನಿಸಿದರೆ ಕಿತ್ತುಕೋ.

ನಾನು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ರಿಲೇಗಳ ನಡುವೆಯೇ ಕಾಲ ಕಳೆದವನು. ತಾಳ್ಯಕ್ಕೆ ಬಂದು ನೆಲೆಸಿದ ಮೇಲೂ ಬೋರ್‌ವೆಲ್ ಸ್ಟಾರ್ಟರ್ ಕೆಟ್ಟರೆ ಸುತ್ತಲಿನವರು ನನ್ನನ್ನೇ ಕರೆಯುತ್ತಾರೆ. ನೀನು ಕಳಿಸಿದ ಆ ಯಂತ್ರದ ವೈರಿಂಗ್ ಡ್ರಾಯಿಂಗಿನ ಪಿಡಿಎಫ್ ಅನ್ನು ಹೊಳಲ್ಕೆರೆಯ ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ತೆಗೆಸಿ, ಹಾಳೆಗೆ ಹಾಳೆ ಅಂಟಿಸಿ, ಪಡಸಾಲೆಯಲ್ಲಿ ಹರಡಿಕೊಂಡು ಓದಿದೆ. ಅದು ಗಾಟ್ಲೀಬ್ ಕಂಪನಿಯ ಯಂತ್ರ, 1960ರ ದಶಕದ್ದು, ಒಬ್ಬರೇ ಆಡುವಂಥದ್ದು. ಅದನ್ನು ಮಾಡಿದ ಕಾರ್ಖಾನೆ ಇದ್ದದ್ದು ನಿನ್ನ ಊರಲ್ಲೇ, ಷಿಕಾಗೊದ ನಾರ್ತ್ ಕಾಸ್ಟ್ನರ್ ಅವೆನ್ಯೂದಲ್ಲಿ. ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್, ಷಿಕಾಗೊ ಕಾಯಿನ್, ಜೆನ್ಕೊ, ಎಲ್ಲವೂ ಅದೇ ಊರಿನ ಕಂಪನಿಗಳು. ಪ್ರಪಂಚದ ಪಿನ್‌ಬಾಲ್‌ಗೆಲ್ಲ ತವರುಮನೆ ಅದು. ಅಂಥ ಊರಲ್ಲಿ ಕೂತು ಅದರ ಒಳಗನ್ನು ಕಸಕ್ಕೆ ಹಾಕುವುದು ನನಗೆ ನೋವಿನ ಸಂಗತಿ.

ಮೊದಲು ರಿಲೇಯಿಂದಲೇ ಶುರು ಮಾಡೋಣ. ನಮ್ಮ ತೋಟದ ಸ್ಟಾರ್ಟರ್ ಪೆಟ್ಟಿಗೆ ನಿನಗೆ ನೆನಪಿರಬೇಕು. ಹಸಿರು ಬಟನ್ ಒತ್ತಿ ಕೈ ತೆಗೆದರೂ ಮೋಟಾರು ಓಡುತ್ತಲೇ ಇರುತ್ತೆ. ಯಾಕೆ? ಬಟನ್ ಒತ್ತಿದಾಗ ಕಾಂಟ್ಯಾಕ್ಟರ್‌ನ ಕಾಯಿಲ್‌ಗೆ ಕರೆಂಟು ಹೋಗಿ ಅದು ಎಳೆದುಕೊಳ್ಳುತ್ತೆ. ಎಳೆದುಕೊಂಡ ಕೂಡಲೇ ತನ್ನದೇ ಒಂದು ಕಾಂಟ್ಯಾಕ್ಟ್ ಮುಚ್ಚಿ, ಬಟನ್ನಿನ ಕೆಲಸವನ್ನು ತಾನೇ ವಹಿಸಿಕೊಳ್ಳುತ್ತೆ. ಕರೆಂಟು ಹೋದರೆ ಬಿದ್ದುಹೋಗುತ್ತೆ, ಬಂದಾಗ ತಾನಾಗಿ ಏಳುವುದಿಲ್ಲ, ಮತ್ತೆ ಬಟನ್ ಒತ್ತಬೇಕು. ಅಂದರೆ ಆ ಕಾಂಟ್ಯಾಕ್ಟರ್ ಒಂದು ಸಂಗತಿಯನ್ನು ನೆನಪಿಟ್ಟುಕೊಂಡಿದೆ: ಯಾರೋ ಬಟನ್ ಒತ್ತಿದ್ದರು ಅನ್ನೋದನ್ನ. ನೀವು ಕಂಪ್ಯೂಟರಿನವರು ಒಂದು ಬಿಟ್ ಅನ್ನುತ್ತೀರಲ್ಲ, ಅದೇ. ನಿನ್ನ ಪೆಟ್ಟಿಗೆಯ ಪ್ರತಿ ರಿಲೇ ಹೀಗೆ ಒಂದೊಂದು ಮಾತನ್ನು ಹಿಡಿದುಕೊಂಡು ಕೂತಿದೆ. ಆಟ ಮುಗಿದಿದೆಯೇ, ಯಂತ್ರವನ್ನು ಅಲುಗಾಡಿಸಿದ್ದಾರೆಯೇ, ಈ ಗುಂಡಿನಲ್ಲಿ ಒಂದಾದರೂ ಅಂಕ ಬಂದಿದೆಯೇ?

ಈ ಕೊನೆಯದನ್ನು ಡ್ರಾಯಿಂಗಿನಲ್ಲಿ ನೋಡಿದಾಗ ನನಗೆ ಆ ವಿನ್ಯಾಸಕಾರರ ಮೇಲೆ ಪ್ರೀತಿ ಉಕ್ಕಿತು. ಆಟಗಾರ ಗುಂಡು ಬಿಟ್ಟ, ಅದು ಯಾವುದಕ್ಕೂ ತಾಗದೆ ಸೀದಾ ಕೆಳಗೆ ಜಾರಿಹೋಯಿತು ಅಂತಿಟ್ಟುಕೋ. ಅನೇಕ ಗಾಟ್ಲೀಬ್ ಯಂತ್ರಗಳು ಆ ಸರದಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಂದು ರಿಲೇ ಇನ್ನೂ ಎದ್ದಿಲ್ಲ, ಆದ್ದರಿಂದ ಗುಂಡು ಎಣಿಸುವ ಚಕ್ರ ಮುಂದಕ್ಕೆ ಹೋಗುವುದಿಲ್ಲ, ಅದೇ ಗುಂಡು ಮತ್ತೆ ಆಡಲು ಸಿಗುತ್ತೆ. ಹತ್ತು ಸೆಂಟು ಹಾಕಿದ ಹುಡುಗನಿಗೆ ಅನ್ಯಾಯ ಆಗಬಾರದು ಅನ್ನುವ ಕಾಳಜಿಯನ್ನು ಒಂದು ಕಾಯಿಲ್, ಎರಡು ಎಲೆ ಕಾಂಟ್ಯಾಕ್ಟಿನಲ್ಲಿ ಕಟ್ಟಿಟ್ಟಿದ್ದಾರೆ.

ಇನ್ನು ಅಂಕ ಲೆಕ್ಕ ಹಾಕುವ ಬಗೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದು, ಯಂತ್ರದ ಜೀವ ಇರುವುದೇ ಇಲ್ಲಿ. ಹತ್ತು ಅಂಕದ ಬಂಪರ್‌ಗೆ ಗುಂಡು ತಾಗಿದರೆ ಹತ್ತರ ರಿಲೇ ಒಮ್ಮೆ ಎದ್ದು ಬೀಳುತ್ತೆ, ಹತ್ತರ ಸ್ಕೋರ್ ರೀಲ್, ಅಂದರೆ ಅಂಕಿ ತೋರಿಸುವ ಚಕ್ರ, ಒಂದು ಹಲ್ಲು ಮುಂದಕ್ಕೆ ಹೋಗುತ್ತೆ. ಐವತ್ತು ಅಂಕದ ಗುರಿಗೆ ತಾಗಿದರೆ? ರೀಲ್ ಒಂದೇ ಸಲಕ್ಕೆ ಐದು ಹಲ್ಲು ಹಾರಲಾರದು. ಆಗ ಐವತ್ತರ ರಿಲೇ ಎದ್ದು ತನ್ನನ್ನು ತಾನೇ ಹಿಡಿದುಕೊಂಡು ಸ್ಕೋರ್ ಮೋಟಾರನ್ನು ಓಡಿಸುತ್ತೆ. ಕೆಳಗಿನ ಹಲಗೆಯ ಮೇಲೆ, ಅಂಚಿನಲ್ಲಿ ಉಬ್ಬುತಗ್ಗು ಇರುವ ತಟ್ಟೆಗಳ ಮೋಟಾರು ಇದೆಯಲ್ಲ, ಅದೇ. ಅದು ಒಂದು ಸುತ್ತಿನ ಮೂರನೇ ಒಂದು ಭಾಗ ತಿರುಗುವಷ್ಟರಲ್ಲಿ ಆ ಉಬ್ಬುಗಳು ಒಂದು ಕಾಂಟ್ಯಾಕ್ಟನ್ನು ಐದು ಸಲ ಮುಚ್ಚಿ ತೆರೆಯುತ್ತವೆ. ರೀಲ್ ಐದು ಹೆಜ್ಜೆ ಇಡುತ್ತೆ, ಗಂಟೆ ಐದು ಸಲ ಬಾರಿಸುತ್ತೆ, ಮೋಟಾರು ತನ್ನ ಜಾಗಕ್ಕೆ ಬಂದು ನಿಲ್ಲುತ್ತೆ, ರಿಲೇ ಬೀಳುತ್ತೆ.

ಒಂಬತ್ತರಿಂದ ಸೊನ್ನೆಗೆ ಹೋಗುವಾಗ ದಶಕ ದಾಟಿಸುವುದಕ್ಕೂ ಬೇರೆ ಮಿದುಳು ಬೇಕಿಲ್ಲ. ರೀಲ್ ಒಂಬತ್ತರಲ್ಲಿ ಕೂತಾಗ ಅದರ ಪಕ್ಕದ ಒಂದು ಸ್ವಿಚ್ ಮುಚ್ಚಿರುತ್ತೆ. ಮುಂದಿನ ಹೊಡೆತ ಆ ದಾರಿಯಲ್ಲಿ ಎಡಗಡೆಯ ರೀಲಿಗೂ ತಲುಪುತ್ತೆ. ಹೊಸ ಆಟ ಶುರುವಾದಾಗ ಕೇಳುವ ಟಕಟಕ ಸದ್ದು ಏನು ಅಂತ ಕೇಳಿದ್ದೆಯಲ್ಲ, ಅದು ಎಲ್ಲ ರೀಲುಗಳೂ ಸೊನ್ನೆಗೆ ಹೋಗುವ ಸದ್ದು. ಸೊನ್ನೆ ಮುಟ್ಟಿದ ರೀಲ್ ತನ್ನ ಸ್ವಿಚ್ ತಾನೇ ತೆರೆದುಕೊಂಡು ನಿಂತುಬಿಡುತ್ತೆ, ಮುಟ್ಟದಿದ್ದದ್ದು ಇನ್ನೂ ಹೆಜ್ಜೆ ಹಾಕುತ್ತಿರುತ್ತೆ. ಪ್ಲಗ್ ಕಿತ್ತರೂ ಅಂಕ ಅಳಿಸಿಹೋಗುವುದಿಲ್ಲ, ಗಮನಿಸಿದ್ದೀಯಾ? ರಿಲೇಗಳ ನೆನಪು ಕರೆಂಟಿನ ಜೊತೆ ಹೋಗುತ್ತೆ, ರೀಲುಗಳ ನೆನಪು ಹಲ್ಲುಚಕ್ರದಲ್ಲಿ ಉಳಿಯುತ್ತೆ. ಎರಡು ಬಗೆಯ ನೆನಪು ಒಂದೇ ಪೆಟ್ಟಿಗೆಯಲ್ಲಿ, ಎರಡೂ ಕಣ್ಣಿಗೆ ಕಾಣುತ್ತವೆ. ನೀನು ಕಾಲೇಜಿನಲ್ಲಿ ನಾಲ್ಕು ವರ್ಷ ಹಾಳೆಯ ಮೇಲೆ ಕಲಿತದ್ದನ್ನು ನಿನ್ನ ಮಗಳು ಕಣ್ಣಲ್ಲಿ ನೋಡಿ, ಕಿವಿಯಲ್ಲಿ ಕೇಳಿ ಕಲಿಯಬಹುದು.

ಇದು ಪಿನ್‌ಬಾಲಿನವರು ಒಬ್ಬರೇ ಕಂಡುಹಿಡಿದ ವಿದ್ಯೆಯೇನಲ್ಲ. ಹಲ್ಲುಚಕ್ರವನ್ನು ಕಾಯಿಲ್ ಒಂದೊಂದೇ ಹಲ್ಲು ತಳ್ಳುವ ಉಪಾಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲೂ ಇತ್ತು. ಆಲ್ಮನ್ ಸ್ಟ್ರೌಜರ್ ಅನ್ನುವ ಕ್ಯಾನ್ಸಸ್ ಸಿಟಿಯ ಶವಸಂಸ್ಕಾರದ ವ್ಯಾಪಾರಿ 1891ರಲ್ಲಿ ಪೇಟೆಂಟ್ ಪಡೆದ ವಿಧಾನ ಅದು. 1948ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ದೂರವಾಣಿನಗರದಲ್ಲಿ ಸ್ಟ್ರೌಜರ್ ಎಕ್ಸ್‌ಚೇಂಜುಗಳನ್ನು ತಯಾರಿಸಿ ದೇಶಕ್ಕೆಲ್ಲ ಕೊಟ್ಟಿತು. ಅಲ್ಲಿ ಡಯಲ್ ತಿರುಗಿಸಿದಾಗ ಹೆಜ್ಜೆ ಹಾಕುತ್ತಿದ್ದ ಯಂತ್ರವೂ ನಿನ್ನ ಮನೆಯಲ್ಲಿ ಅಂಕ ಎಣಿಸುವ ಯಂತ್ರವೂ ಒಂದೇ ವಂಶದವು.

ನಮ್ಮ ರೈಲ್ವೆಯಲ್ಲಿ ಇನ್ನೂ ಹತ್ತಿರದ ನೆಂಟ ಒಬ್ಬನಿದ್ದ, ನೀಲ್ಸ್ ಬಾಲ್ ಟೋಕನ್ ಇನ್‌ಸ್ಟ್ರುಮೆಂಟ್. ಒಂಟಿ ಹಳಿಯ ಮೇಲೆ ಎರಡು ಸ್ಟೇಷನ್ನುಗಳ ನಡುವೆ ಒಂದು ಸಲಕ್ಕೆ ಒಂದೇ ರೈಲು ಇರಬೇಕು. ಅದಕ್ಕಾಗಿ ಎರಡೂ ಸ್ಟೇಷನ್ನಿನಲ್ಲಿ ತಂತಿಯಿಂದ ಜೋಡಿಸಿದ ಎರಡು ಪೆಟ್ಟಿಗೆ, ಎರಡರ ಒಳಗೂ ಲೋಹದ ಗುಂಡುಗಳು. ಆ ಕಡೆಯ ಸ್ಟೇಷನ್ ಮಾಸ್ಟರ್ ಒಪ್ಪಿ ತನ್ನ ಹಿಡಿಕೆ ತಿರುಗಿಸಿದರೆ ಮಾತ್ರ ಈ ಕಡೆಯವರ ಹಿಡಿಕೆ ತಿರುಗುತ್ತೆ, ಒಂದು ಗುಂಡು ಹೊರಗೆ ಬರುತ್ತೆ. ಅದನ್ನು ಚರ್ಮದ ಚೀಲಕ್ಕೆ ಹಾಕಿ, ಬೆತ್ತದ ಬಳೆಗೆ ಕಟ್ಟಿ ಡ್ರೈವರಿಗೆ ಕೊಡುತ್ತಿದ್ದರು. ಆ ಗುಂಡು ಯಾವುದಾದರೂ ಒಂದು ಪೆಟ್ಟಿಗೆಗೆ ಮರಳಿ ಬೀಳುವವರೆಗೂ ಇನ್ನೊಂದು ಗುಂಡು ಯಾವ ಕಡೆಯಿಂದಲೂ ಬರುವುದಿಲ್ಲ. ಪಕ್ಕದ ಸೆಕ್ಷನ್ನಿನ ಗುಂಡನ್ನು ತಪ್ಪಿ ಹಾಕಬಾರದು ಅಂತ ಗುಂಡಿನ ಮೈಮೇಲಿನ ತೋಡನ್ನೇ ಬೇರೆ ಬೇರೆ ಆಕಾರದಲ್ಲಿ ಕೊರೆದಿರುತ್ತಿದ್ದರು. ಒಂದು ಗುಂಡು, ಕಾಯಿಲ್, ಕಾಂಟ್ಯಾಕ್ಟ್, ಹಿಡಿಕೆ, ಇಷ್ಟರಲ್ಲೇ ಸಾವಿರಾರು ಜನರ ಪ್ರಾಣ ಕಾಯುವ ತರ್ಕ. ನಿನ್ನ ಯಂತ್ರದಲ್ಲಿ ಗುಂಡು ಕೆಳಗಿನ ಗುಳಿಗೆ ಬಿದ್ದು ಸ್ವಿಚ್ ಮುಚ್ಚಿದ ಮೇಲೆಯೇ ಮುಂದಿನ ಸರದಿ ಬರುತ್ತೆ, ನೋಡು. ಆ ಡ್ರಾಯಿಂಗ್ ನನಗೆ ಪರಕೀಯ ಅನ್ನಿಸದೇ ಇದ್ದದ್ದು ಇದಕ್ಕೇ.

ವ್ಯತ್ಯಾಸವನ್ನೂ ತಿಳಿದುಕೋ. ಸಿಗ್ನಲ್ ರಿಲೇಯಲ್ಲಿ ಬೆಳ್ಳಿ ಕಾಂಟ್ಯಾಕ್ಟಿನ ಎದುರಿಗೆ ಬೆಳ್ಳಿ ಬೆರೆಸಿದ ಗ್ರಾಫೈಟ್ ಇಡುತ್ತಾರೆ, ಕಿಡಿ ಹಾರಿದರೂ ಎರಡೂ ಬೆಸೆದುಕೊಳ್ಳಬಾರದು ಅಂತ. ಪಿನ್‌ಬಾಲಿನಲ್ಲಿ ಆ ರಕ್ಷಣೆ ಇಲ್ಲ, ಲೋಹಕ್ಕೆ ಲೋಹವೇ ಎದುರು. ಆದ್ದರಿಂದ ಕಾಂಟ್ಯಾಕ್ಟ್ ಅಂಟಿಕೊಂಡರೆ ಕಾಯಿಲ್ ಸುಡುತ್ತೆ, ನೀನು ಎಚ್ಚರವಾಗಿರಬೇಕು.

ಸುಡುವ ಜಾಗ ಮುಖ್ಯವಾಗಿ ಫ್ಲಿಪ್ಪರ್, ಗುಂಡನ್ನು ಮೇಲಕ್ಕೆ ಹೊಡೆಯುವ ಆ ಸಣ್ಣ ಕೈ. ಅದರ ಕಾಯಿಲ್‌ನಲ್ಲಿ ಎರಡು ಸುತ್ತುಗಳಿವೆ. ದಪ್ಪ ತಂತಿಯದು ಗುಂಡನ್ನು ಬಲವಾಗಿ ಹೊಡೆಯಲಿಕ್ಕೆ, ಸಣ್ಣ ತಂತಿಯದು ಕೈ ಎತ್ತಿಯೇ ಹಿಡಿದಿರಲಿಕ್ಕೆ. ಫ್ಲಿಪ್ಪರ್ ಪೂರ್ತಿ ಮೇಲೆದ್ದ ಕ್ಷಣ ಕೊನೆಯಲ್ಲಿರುವ ಒಂದು ಸ್ವಿಚ್ ತೆರೆದು, ಸಣ್ಣ ಸುತ್ತನ್ನು ದಾರಿಗೆ ಸೇರಿಸಿ ಕರೆಂಟನ್ನು ಇಳಿಸುತ್ತೆ. ಆ ಸ್ವಿಚ್ ತೆರೆಯದಿದ್ದರೆ ಪೂರ್ತಿ ಕರೆಂಟು ಹರಿಯುತ್ತಲೇ ಇರುತ್ತೆ, ಕಾಯಿಲ್ ಹೊಗೆಯಾಡುತ್ತೆ. ಮೊದಲು ನೋಡಬೇಕಾದ್ದು ಅದನ್ನೇ.

ಈ ಫ್ಲಿಪ್ಪರ್ ಬಂದದ್ದು ಹೇಗೆ ಅನ್ನುವ ಕಥೆಯೂ ನಿನಗೆ ಗೊತ್ತಿರಲಿ, ಮನೆಯಲ್ಲಿರುವ ವಸ್ತುವಿನ ಹುಟ್ಟು ಗೊತ್ತಿದ್ದರೆ ಅದರ ಮೇಲೆ ಕೈ ಹಗುರವಾಗಿ ಬೀಳುತ್ತೆ. ಮೂಲದಲ್ಲಿ ಇದು ಫ್ರಾನ್ಸಿನ ಬ್ಯಾಗಟೆಲ್ ಮೇಜು. ನಿಮ್ಮಪ್ಪ ಚಿಕ್ಕವನಿದ್ದಾಗ ಆಡುತ್ತಿದ್ದ ಮೊಳೆ ಹೊಡೆದ ಹಲಗೆ, ಸ್ಪ್ರಿಂಗ್ ಎಳೆದು ಬಿಟ್ಟರೆ ಗೋಲಿ ಓಡುತ್ತಿತ್ತಲ್ಲ, ಅದೂ ಆ ಬ್ಯಾಗಟೆಲ್ಲೇ. ಆ ಸ್ಪ್ರಿಂಗಿನ ಪೇಟೆಂಟನ್ನು ಸಿನ್ಸಿನಾಟಿಯ ಮಾಂಟೆಗ್ಯೂ ರೆಡ್‌ಗ್ರೇವ್ 1871ರಲ್ಲಿ ಪಡೆದ. 1931ರಲ್ಲಿ, ಅಮೆರಿಕದಲ್ಲಿ ಕೆಲಸವಿಲ್ಲದೆ ಜನ ಒದ್ದಾಡುತ್ತಿದ್ದ ಕಾಲದಲ್ಲಿ, ಡೇವಿಡ್ ಗಾಟ್ಲೀಬ್ ಅಂಗಡಿ ಕಟ್ಟೆಯ ಮೇಲಿಡುವ ಬ್ಯಾಫಲ್ ಬಾಲ್ ಮಾಡಿದ. ಬೆಲೆ ಹದಿನೇಳೂವರೆ ಡಾಲರ್, ಮಾರಾಟವಾದದ್ದು 50,000ಕ್ಕೂ ಹೆಚ್ಚು. ಆಗ ಅದಕ್ಕೆ ಕರೆಂಟೂ ಇಲ್ಲ, ಫ್ಲಿಪ್ಪರೂ ಇಲ್ಲ. ಅದನ್ನು ಮಾರುತ್ತಿದ್ದ ರೇಮಂಡ್ ಮೊಲೋನಿ, ಬೇಕಾದಷ್ಟು ಯಂತ್ರ ಸಿಗಲಿಲ್ಲ ಅಂತ 1932ರಲ್ಲಿ ತಾನೇ ಬ್ಯಾಲಿಹೂ ಮಾಡಿದ, ಬ್ಯಾಲಿ ಕಂಪನಿ ಹುಟ್ಟಿತು. 1933ರಲ್ಲಿ ಹ್ಯಾರಿ ವಿಲಿಯಮ್ಸ್ ಕಾಂಟ್ಯಾಕ್ಟ್ ಅನ್ನುವ ಯಂತ್ರದೊಳಗೆ ಬ್ಯಾಟರಿ, ಸೊಲೆನಾಯ್ಡ್, ಗಂಟೆ ಇಟ್ಟ. ಗುಂಡು ಗುಳಿಗೆ ಬಿದ್ದರೆ ಯಂತ್ರವೇ ಅದನ್ನು ಮತ್ತೆ ಆಟಕ್ಕೆ ಎಸೆಯುತ್ತಿತ್ತು.

ಯಂತ್ರ ಎತ್ತಿ ಕುಲುಕುವವರನ್ನು ತಡೆಯಲು ಟಿಲ್ಟ್ ಕಂಡುಹಿಡಿದವನೂ ಅದೇ ವಿಲಿಯಮ್ಸ್. ಪೆಟ್ಟಿಗೆಯ ಎಡಗಡೆ ಒಂದು ಉಂಗುರದ ನಡುವೆ ತೂಗುವ ಗುಂಡು ಇದೆಯಲ್ಲ, ಗೋಡೆ ಕಟ್ಟುವಾಗ ಗಾರೆಯವರು ಇಳಿಬಿಡುವ ತೂಕದ ಗುಂಡು ಇದ್ದ ಹಾಗೆ, ಅದು ಉಂಗುರಕ್ಕೆ ತಾಗಿದರೆ ಟಿಲ್ಟ್ ರಿಲೇ ಎದ್ದು ಆಟ ನಿಲ್ಲಿಸುತ್ತೆ. ಮುಂದಿನ ಕಾಲು ಎತ್ತಿದರೆ ಹಿಂದಕ್ಕೆ ಉರುಳುವ ಇನ್ನೊಂದು ಸಣ್ಣ ಗುಂಡೂ ಅಲ್ಲೇ ಒಂದು ಇಳಿಜಾರು ಕಂಬಿಯ ಮೇಲೆ ಇರುತ್ತೆ, ಹುಡುಕು.

ಫ್ಲಿಪ್ಪರ್ ಬರಲಿಕ್ಕೆ 1947ರವರೆಗೆ ಕಾಯಬೇಕಾಯಿತು. ಗಾಟ್ಲೀಬಿನ ಹ್ಯಾರಿ ಮ್ಯಾಬ್ಸ್ ಹಂಪ್ಟಿ ಡಂಪ್ಟಿ ಯಂತ್ರಕ್ಕೆ ಆರು ಫ್ಲಿಪ್ಪರ್ ಇಟ್ಟ, ಮೂರು ಆ ಕಡೆ, ಮೂರು ಈ ಕಡೆ, ಹೊರಮುಖವಾಗಿ. ಮರುವರ್ಷ ಜೆನ್ಕೊದ ಸ್ಟೀವ್ ಕಾರ್ಡೆಕ್ ಟ್ರಿಪಲ್ ಆಕ್ಷನ್‌ನಲ್ಲಿ ಎರಡನ್ನೇ ಕೆಳಗಡೆ ಇಟ್ಟ. ಇವತ್ತಿಗೂ ಅದೇ ರೂಢಿ. ಆ ಕಾರ್ಡೆಕ್ 2012ರಲ್ಲಿ ನೂರು ದಾಟಿ ತೀರಿಕೊಂಡ.

ಇಷ್ಟಾದರೂ ಈ ಆಟಕ್ಕೆ ಜೂಜು ಅನ್ನುವ ಹಣೆಪಟ್ಟಿ ಬಿಡಲಿಲ್ಲ. ಫ್ಲಿಪ್ಪರ್ ಬರುವ ಮುಂಚೆಯೇ, 1942ರಲ್ಲಿ, ನ್ಯೂಯಾರ್ಕಿನ ಮೇಯರ್ ಲಾ ಗಾರ್ಡಿಯಾ ಇದನ್ನು ನಿಷೇಧಿಸಿ, ಸುತ್ತಿಗೆಯಿಂದ ಯಂತ್ರಗಳನ್ನು ಒಡೆಸಿದ್ದ. ನಿಷೇಧ ಹೋದದ್ದು 1976ರಲ್ಲಿ. ಆಗ ರೋಜರ್ ಷಾರ್ಪ್ ಅನ್ನುವ ಯುವ ಪತ್ರಕರ್ತ ನಗರಸಭೆಯವರ ಎದುರು ಯಂತ್ರ ಆಡಿ, ಗುಂಡು ಎಲ್ಲಿಗೆ ಹೋಗುತ್ತೆ ಅಂತ ಮೊದಲೇ ಹೇಳಿ, ಹೇಳಿದ ಹಾಗೆಯೇ ಕಳಿಸಿ, ಇದು ಕೈಚಳಕದ ಆಟ ಅಂತ ತೋರಿಸಿಕೊಟ್ಟ. ನಡುವಿನ ಕಾಲದಲ್ಲಿ ಉಚಿತ ಆಟ ಕೊಡುವುದನ್ನೂ ಕೆಲವು ರಾಜ್ಯಗಳು ಜೂಜಿನ ಬಹುಮಾನ ಅಂತಲೇ ನೋಡುತ್ತಿದ್ದವು. ಅದಕ್ಕೇ ಗಾಟ್ಲೀಬಿನವರು 1960ರಲ್ಲಿ ಫ್ಲಿಪ್ಪರ್ ಅನ್ನುವ ಹೆಸರಿನದೇ ಯಂತ್ರ ಹೊರತಂದರು. ಅದರಲ್ಲಿ ಗೆದ್ದವನಿಗೆ ಹೊಸ ಆಟ ಸಿಗುವುದಿಲ್ಲ, ಇದೇ ಆಟದಲ್ಲಿ ಇನ್ನೊಂದು ಗುಂಡು ಸಿಗುತ್ತೆ. ಕಾನೂನಿನ ಒಂದು ವಾಕ್ಯಕ್ಕೆ ಎಂಜಿನಿಯರುಗಳು ರಿಲೇಗಳಲ್ಲಿ ಉತ್ತರ ಬರೆದರು!

1977ರ ಹೊತ್ತಿಗೆ ವಿಲಿಯಮ್ಸ್, ಬ್ಯಾಲಿ, ಗಾಟ್ಲೀಬ್ ಮೂವರೂ ಮೈಕ್ರೊಪ್ರೊಸೆಸರ್ ಕಡೆ ಹೊರಳಿದರು. ನೀನು ಈಗ ಮಾಡಬೇಕು ಅಂದುಕೊಂಡಿರುವ ಕೆಲಸವನ್ನು ಅವರು ಆಗಲೇ ಮಾಡಿದ್ದಾರೆ. ಬೋರ್ಡು ಹಾಕಿದ ಪಿನ್‌ಬಾಲ್ ಲಕ್ಷಾಂತರ ಇವೆ, ಇನ್ನೂ ಬರುತ್ತಲೇ ಇವೆ. ಸ್ಕೋರ್ ಮೋಟಾರಿನ ಮೇಲೆ ನಡೆಯುವ ಯಂತ್ರ ಇನ್ನು ಯಾವ ಕಾರ್ಖಾನೆಯಿಂದಲೂ ಬರುವುದಿಲ್ಲ. ಇರುವುದರಲ್ಲಿ ಒಂದು ಕಡಿಮೆಯಾದರೆ ಕಡಿಮೆಯಾದದ್ದೇ.

ಈಗ ಕೈಕೆಲಸದ ಮಾತು. ಮೊದಲು ಪ್ಲಗ್ ನೋಡು. ಹಳೆಯ ಯಂತ್ರಗಳಲ್ಲಿ ಎರಡೇ ಕಾಲಿನ ಪ್ಲಗ್ಗು, ಅರ್ಥಿಂಗ್ ಇರುವುದಿಲ್ಲ. ಒಳಗೆ ಕಾಯಿಲ್‌ಗಳಿಗೆ ಹೋಗುವುದು ಇಪ್ಪತ್ತನಾಲ್ಕು ವೋಲ್ಟಿನ ಆಸುಪಾಸು, ಬಲ್ಬಿಗೆ ಆರು ವೋಲ್ಟ್, ನಿಜ. ಆದರೆ ಟ್ರಾನ್ಸ್‌ಫಾರ್ಮರ್‌ವರೆಗೆ ಬರುವುದು ನಿಮ್ಮ ಮನೆಯ 120 ವೋಲ್ಟೇ. ಮೂರು ಕಾಲಿನ ಪ್ಲಗ್ ಹಾಕಿಸಿ, ಮುಂಬಾಗಿಲಿನ ಲೋಹಕ್ಕೆ, ಕಾಲುಗಳಿಗೆ, ಬದಿಯ ಪಟ್ಟಿಗಳಿಗೆ ಅರ್ಥ್ ತಂತಿ ಮುಟ್ಟಿಸು. ನಮ್ಮಲ್ಲಿ ಬೇಸಿಗೆಗೆ ಮುಂಚೆ ಅರ್ಥ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿ ನೀರು ಹುಯ್ಯುವುದನ್ನು ನೋಡಿ ಬೆಳೆದವನು ನೀನು. ಮಗು ಮುಟ್ಟುವ ಯಂತ್ರಕ್ಕೆ ಇದು ಮೊದಲ ಕೆಲಸ.

ಫ್ಯೂಸ್ ಹೋದರೆ ಅಷ್ಟೇ ಆಂಪಿಯರಿನದನ್ನು ಹಾಕು. ದಪ್ಪ ತಂತಿ ಸುತ್ತಿ ಕೆಲಸ ಸಾಗಿಸುವ ಚಾಳಿ ಇಲ್ಲಿ ಎಷ್ಟು ಮೋಟಾರು ಸುಟ್ಟಿದೆ ಅಂತ ನನಗೆ ಗೊತ್ತು. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಎಲ್ಲೋ ಒಂದು ಕಾಂಟ್ಯಾಕ್ಟ್ ಅಂಟಿರಬಹುದು.

ಸ್ಪ್ರೇ ಡಬ್ಬಿ ಹತ್ತಿರ ಸೇರಿಸಬೇಡ. ಈ ಯಂತ್ರದ ಹೆಚ್ಚಿನ ಭಾಗಗಳು ಒಣಗಿಯೇ ಓಡಬೇಕು. ಎಣ್ಣೆ ಹಾಕಿದರೆ ಧೂಳು ಕೂತು ಅಂಟಾಗುತ್ತೆ. ಹೆಜ್ಜೆಚಕ್ರಗಳಲ್ಲಿ ಹಳೆಯ ಗ್ರೀಸು ಗಟ್ಟಿಯಾಗಿ ಕೂತಿರುತ್ತೆ, ಅದನ್ನು ಬಿಚ್ಚಿ ಒರೆಸಿದರೆ ಅರ್ಧ ರಿಪೇರಿ ಮುಗಿಯಿತು. ಕಾಯಿಲ್ ಒಳಗೆ ಓಡುವ ಕಬ್ಬಿಣದ ಕಡ್ಡಿಗಂತೂ ಒಂದು ಹನಿಯೂ ಬೇಡ. ಬೆಳ್ಳಿ ಕಾಂಟ್ಯಾಕ್ಟುಗಳಿಗೆ ಅರ ಹಾಕಬೇಡ, ಬೆಳ್ಳಿ ಸವೆದುಹೋಗುತ್ತೆ. ಗಟ್ಟಿ ಕಾಗದದ ಪಟ್ಟಿ ನಡುವೆ ಇಟ್ಟು, ಬೆರಳಿಂದ ಮೆಲ್ಲಗೆ ಒತ್ತಿ ಎಳೆದರೆ ಸಾಕು. ಫ್ಲಿಪ್ಪರಿನ ಕೊನೆಯ ಸ್ವಿಚ್ಚಿನಲ್ಲಿ ಟಂಗ್‌ಸ್ಟನ್ ಇದ್ದರೆ ಅದಕ್ಕೆ ಸಣ್ಣ ಅರ ಬೇಕಾಗುತ್ತೆ, ಅದು ಗಟ್ಟಿ ಲೋಹ. ಎಲೆಗಳನ್ನು ಬಗ್ಗಿಸುವಾಗ ಮೊದಲು ಅವುಗಳ ಬುಡದ ಸ್ಕ್ರೂ ಬಿಗಿ ಮಾಡು. ಸಡಿಲ ಬುಡ ಬಿಟ್ಟು ಎಲೆ ಬಗ್ಗಿಸಿದರೆ ಇವತ್ತು ಸರಿಯಾಗಿ ನಾಳೆ ಮತ್ತೆ ತಪ್ಪುತ್ತೆ.

ಮತ್ತೆ, ಕೆಟ್ಟಿದ್ದು ಯಾವುದು ಅಂತ ಗೊತ್ತಾಗುವ ಮುಂಚೆ ಏನನ್ನೂ ಸರಿಮಾಡಲು ಹೋಗಬೇಡ. ಇದು ಸಿಗ್ನಲಿನವರು ಹೊಸ ಹುಡುಗರಿಗೆ ಮೊದಲ ದಿನವೇ ಹೇಳುವ ಮಾತು. ಒಂದು ರಿಲೇ ಏಳುತ್ತಿಲ್ಲ ಅಂದರೆ ಡ್ರಾಯಿಂಗಿನಲ್ಲಿ ಅದರ ಕಾಯಿಲ್ ಹುಡುಕು. ಅಲ್ಲಿಂದ ಹಿಂದಕ್ಕೆ ಹೋಗುತ್ತಾ ದಾರಿಯಲ್ಲಿ ಯಾವ ಯಾವ ಕಾಂಟ್ಯಾಕ್ಟ್ ಮುಚ್ಚಿರಬೇಕು ಅಂತ ಬೆರಳಿಟ್ಟು ಓದು. ಪ್ರತಿಯೊಂದು ತಂತಿಗೂ ಬಣ್ಣ ಬರೆದಿದ್ದಾರೆ. ಆರು ಕಾಂಟ್ಯಾಕ್ಟಿನಲ್ಲಿ ಐದು ಸರಿಯಿದ್ದು ಒಂದು ಕೊಳೆಯಾಗಿದ್ದರೆ ಸಾಕು, ಇಡೀ ಯಂತ್ರ ಸತ್ತಂತೆ ಕಾಣುತ್ತೆ. ಸುಮ್ಮನೆ ಎಲ್ಲವನ್ನೂ ಬಗ್ಗಿಸುತ್ತಾ ಹೋದರೆ ಆ ಐದೂ ಕೆಡುತ್ತವೆ.

ನಿನ್ನ ಬೋರ್ಡಿನ ಆಸೆಯನ್ನು ನಾನು ತಳ್ಳಿಹಾಕುತ್ತಿಲ್ಲ. ಅದನ್ನು ಪಕ್ಕದಲ್ಲಿಟ್ಟು ಬಳಸು. ಯಾವ ರಿಲೇ ಯಾವಾಗ ಏಳುತ್ತೆ ಅಂತ ಸೆನ್ಸರ್ ಇಟ್ಟು ನೋಡು, ಮೊಬೈಲಿನಲ್ಲಿ ತೋರಿಸು, ಮಗಳಿಗೆ ವಿವರಿಸಲು ಅನುಕೂಲ. ಒಂದೇ ಒಂದು ಹಳೆಯ ತಂತಿಯನ್ನೂ ಕತ್ತರಿಸದೆ ಇದನ್ನೆಲ್ಲ ಮಾಡಬಹುದು.

ಹಿಂದಿನ ಗಾಜಿನ ಚಿತ್ರವನ್ನು ಉಜ್ಜಿ ತೊಳೆಯಬೇಡ. ಬಣ್ಣ ಗಾಜಿನ ಒಳಮೈಯಲ್ಲಿದೆ, ಬಲ್ಬುಗಳ ಬಿಸಿಗೆ ಅದಾಗಲೇ ಸಡಿಲವಾಗಿರುತ್ತೆ, ಬಟ್ಟೆ ತಾಗಿದರೆ ಚಕ್ಕೆಯೇಳುತ್ತೆ. ಹೊರಮೈ ಒರೆಸಿದರೆ ಸಾಕು.

ಭಾನುವಾರ ಬೆಳಿಗ್ಗೆ ನಿನಗೆ ಬಿಡುವಿದ್ದಾಗ ಫೋನ್ ಮಾಡು, ಇಲ್ಲಿ ರಾತ್ರಿಯಾಗಿದ್ದರೂ ಪರವಾಗಿಲ್ಲ, ಡ್ರಾಯಿಂಗ್ ಹರಡಿಕೊಂಡೇ ಕೂತಿರುತ್ತೇನೆ. ಮೊದಲು ಪ್ಲಗ್ ಕಿತ್ತು, ಕೆಳಗಿನ ಹಲಗೆಗೆ ಟಾರ್ಚ್ ಹಿಡಿದು ಸ್ಕೋರ್ ಮೋಟಾರನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ ತೋರಿಸು. ಅದು ಎಲ್ಲೂ ಸಿಕ್ಕಿಕೊಳ್ಳದೆ ತಿರುಗುತ್ತಿದ್ದರೆ ಆಮೇಲೆ ಪ್ಲಗ್ ಹಾಕಿ ಹೊಸ ಆಟದ ಬಟನ್ ಒತ್ತು. ಯಾವ ರೀಲ್ ಸೊನ್ನೆಗೆ ಬರಲಿಲ್ಲ ಅಂತ ಹೇಳಿದರೆ, ಎಲ್ಲಿ ಕಾಗದದ ಪಟ್ಟಿ ಎಳೆಯಬೇಕು ಅಂತ ನಾನು ಇಲ್ಲಿಂದ ಹೇಳುತ್ತೇನೆ.